ರಥಸಪ್ತಮಿಯ ಕಡಲು: ಡೈವ್ ತಾಣಗಳನ್ನು ಆರಿಸಿಕೊಂಡ ಬಗೆ

ಅಂಡಮಾನಿಗೆ ಹೋಗುವುದೆಂದು ನಿಶ್ಚಯವಾದ ಸಂಜೆ ನನ್ನ ತಮ್ಮ ಒಂದು ಹಾಳೆಯಲ್ಲಿ ನಾಲ್ಕು ಹೆಸರುಗಳನ್ನು ಬರೆದು ನನ್ನ ಮುಂದಿಟ್ಟನು: ಡಿಕ್ಸನ್ಸ್ ಪಿನಾಕಲ್, ಜಾನೀಸ್ ಗಾರ್ಜ್, ಜಾಕ್ಸನ್ಸ್ ಬಾರ್, ದಿ ವಾಲ್. ಎಲ್ಲರೂ ಹ್ಯಾವ್‌ಲಾಕ್ ಎಂದೇ ಕರೆಯುವ, 2018ರಿಂದ ಸ್ವರಾಜ್ ದ್ವೀಪ ಎಂಬ ಹೆಸರು ಪಡೆದಿರುವ ನಡುಗಡ್ಡೆಯ ಸುತ್ತಮುತ್ತಲಿನ ಈ ತಾಣಗಳನ್ನು ಅವನು ವಿಡಿಯೊಗಳಲ್ಲಿ ನೋಡಿ ನೋಡಿ ಬಾಯಿಪಾಠ ಮಾಡಿಕೊಂಡಿದ್ದನು. ನನಗೆ ಆ ಹೆಸರುಗಳಲ್ಲಿ ಒಂದೂ ಗೊತ್ತಿರಲಿಲ್ಲ. ಗೊತ್ತಿದ್ದುದು ಒಂದು ಅಂಕಿ ಮಾತ್ರ: ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿಯುವ ಡೈವಿಂಗಿನಲ್ಲಿ ಮೊದಲ ಹಂತವಾದ ನನ್ನ ಓಪನ್ ವಾಟರ್ ಪ್ರಮಾಣಪತ್ರ ಒಪ್ಪುವ ಗರಿಷ್ಠ ಆಳ 18 ಮೀಟರ್. ತಮ್ಮ ಅಡ್ವಾನ್ಸ್ಡ್ ಕೋರ್ಸ್ ಮುಗಿಸಿದವನು, 30 ಮೀಟರ್ ತನಕ ಇಳಿಯಬಹುದು. ಅವನು ಬರೆದ ಮೊದಲ ಮೂರು ತಾಣಗಳಲ್ಲಿ ನೋಡಬೇಕಾದುದರ ಹೆಚ್ಚಿನ ಪಾಲು ನನ್ನ ಮಿತಿಯ ಕೆಳಗೇ ಇತ್ತು.

ಆ ಹಾಳೆಯಿಂದ ಹಿಡಿದು ನಾವು ನಿಜವಾಗಿ ನೀರಿಗಿಳಿದ ತಾಣಗಳ ತನಕ ಎರಡು ತಿಂಗಳ ಲೆಕ್ಕಾಚಾರ, ಪತ್ರವ್ಯವಹಾರ, ಒಂದೆರಡು ಸಲ ಮನಸ್ತಾಪವೂ ನಡೆಯಿತು. ನನ್ನ ಹಾಗೆ ಕೋರ್ಸ್ ಮುಗಿಸಿ, ಮೊದಲ ಬಾರಿಗೆ ತಾಣಗಳನ್ನು ತಾವೇ ಆರಿಸಿಕೊಳ್ಳಬೇಕಾದವರಿಗೆ ಉಪಯೋಗವಾದೀತೆಂದು ಅದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ನಾನು ಡೈವಿಂಗ್ ಕಲಿತದ್ದು 2024ರ ಜನವರಿಯಲ್ಲಿ, ಮುರುಡೇಶ್ವರದಿಂದ ದೋಣಿಯಲ್ಲಿ ಒಂದೂವರೆ ಗಂಟೆ ದೂರದ ನೇತ್ರಾಣಿಯಲ್ಲಿ. ಕೋರ್ಸಿನ ನಾಲ್ಕು ಡೈವ್‌ಗಳೂ ಅಲ್ಲಿಯೇ ಆದವು. ಬಂಡೆಗಳ ಕಡಿದಾದ ಮೈ, ಅದನ್ನು ಸುತ್ತುವರಿದ ಮೀನಿನ ಹಿಂಡುಗಳು, ಎರಡನೆಯ ದಿನ ನೀರು ಇದ್ದಕ್ಕಿದ್ದಂತೆ ಹಸಿರಾಗಿ ಮಬ್ಬಾದದ್ದು, ಇವೆಲ್ಲ ನನಗೆ ಒಂದು ವಿಷಯವನ್ನು ಆಗಲೇ ಕಲಿಸಿದ್ದವು. ಒಂದೇ ತಾಣ ಎರಡು ದಿನಗಳಲ್ಲಿ ಎರಡು ಬೇರೆ ತಾಣಗಳಾಗಬಲ್ಲದು. ಆದ್ದರಿಂದ ತಾಣದ ಹೆಸರಿಗಿಂತ ಮೊದಲು ಕಡಲನ್ನೂ, ತಿಂಗಳನ್ನೂ, ತಿಥಿಯನ್ನೂ ಆರಿಸಬೇಕೆಂದು ನಾನು ಹಟ ಹಿಡಿದೆನು.

ಯಾವ ಕಡಲು ಎಂಬ ಪ್ರಶ್ನೆ ಬೇಗ ಇತ್ಯರ್ಥವಾಯಿತು. ಮೊದಲು ಮನಸ್ಸು ಹೋದದ್ದು ಲಕ್ಷದ್ವೀಪಕ್ಕೆ. ಅದಕ್ಕೆ ಮನೆಯ ಕಾರಣವೂ ಇತ್ತು. 1956ರ ತನಕ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮೊದಲಾದ ಉತ್ತರದ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೇ ಸೇರಿದ್ದವು, ಅಲ್ಲಿಯ ತೆಂಗಿನ ನಾರು ಮಂಗಳೂರಿನ ಬಂದರಿಗೆ ಬರುತ್ತಿತ್ತು ಎಂದು ಅಜ್ಜ ಹೇಳುತ್ತಿದ್ದರು. ಆದರೆ ಅಲ್ಲಿಗೆ ಹೋಗಲು ಪ್ರವೇಶ ಪರವಾನಗಿ ಬೇಕು, ನಮ್ಮ ರಜೆಯ ದಿನಗಳಿಗೆ ಸರಿಯಾಗಿ ಅದನ್ನೂ ವಿಮಾನವನ್ನೂ ಹೊಂದಿಸುವುದು ಕಷ್ಟವಾಯಿತು. 2024ರ ಬೇಸಿಗೆಯಲ್ಲಿ ಕಡಲು ಅತಿಯಾಗಿ ಕಾದು ಅಲ್ಲಿಯ ಹವಳಗಳು ಬಿಳಿಚಿಕೊಂಡ ಸುದ್ದಿಯೂ ಬಂದಿತ್ತು. ನೊಂದಿರುವ ಹವಳಕ್ಕೆ ಸ್ವಲ್ಪ ಬಿಡುವು ಸಿಗಲಿ ಎಂದು ನನಗನ್ನಿಸಿತು.

ಮಾಲ್ಡೀವ್ಸ್ ತಮ್ಮನ ಸಲಹೆ. ಅಲ್ಲಿಯ ತಾಣಗಳ ಹೆಸರುಗಳನ್ನು ಓದುತ್ತಿದ್ದಾಗ ನನಗೆ ಬಹಳ ಸಂತೋಷವಾಯಿತು, ಏಕೆಂದರೆ ಆ ಹೆಸರುಗಳಲ್ಲೇ ನೀರೊಳಗಿನ ನೆಲದ ಆಕಾರ ಅಡಗಿದೆ. ನೀರಿನ ಮೇಲ್ಮೈಯ ಹತ್ತಿರದ ತನಕ ಎದ್ದಿರುವ ದಿಬ್ಬಕ್ಕೆ ಅವರು ಗಿರಿ ಎನ್ನುತ್ತಾರೆ, ಇನ್ನೂ ಆಳದಲ್ಲೇ ತುದಿ ಮುಗಿಯುವ ದಿಬ್ಬಕ್ಕೆ ತಿಲ ಎನ್ನುತ್ತಾರೆ, ಹವಳದ ವರ್ತುಲವನ್ನು ಸೀಳಿ ಒಳಗೂ ಹೊರಗೂ ನೀರು ನುಗ್ಗುವ ಕಾಲುವೆಗೆ ಕಂಡು ಎನ್ನುತ್ತಾರೆ. ಶಾರ್ಕ್‌ಗಳೂ ತೊರಕೆ ಮೀನುಗಳೂ ಸೇರುವುದು ಹೆಚ್ಚಾಗಿ ಈ ಕಂಡುಗಳ ಬಾಯಿಯಲ್ಲಿ, ಏಕೆಂದರೆ ಸೆಳೆತ ಇರುವಲ್ಲಿ ಆಹಾರವೂ ಹರಿದು ಬರುತ್ತದೆ. ಆ ಸೆಳೆತದಲ್ಲಿ ಬಂಡೆಗೆ ಕೊಕ್ಕೆ ಸಿಕ್ಕಿಸಿಕೊಂಡು ನಿಲ್ಲಬೇಕಾದ ಡೈವ್‌ಗಳಿಗೆ, ಜೀವಮಾನದಲ್ಲಿ ನಾಲ್ಕೇ ಡೈವ್ ಮಾಡಿದ ನಾನು ತಕ್ಕವಳಲ್ಲ.

ಅಮ್ಮನೂ ಬರುತ್ತೇನೆಂದದ್ದು ಕೊನೆಯ ತೀರ್ಮಾನ ಮಾಡಿತು. ಎಪ್ಪತ್ತು ದಾಟಿದ ಅಮ್ಮನಿಗೆ ನಾವು ನೀರಿನಲ್ಲಿರುವಾಗ ಕುಳಿತುಕೊಳ್ಳಲು ನೆರಳು, ನಡೆದಾಡಲು ಊರು, ಮಾತನಾಡಲು ಜನ ಬೇಕು. ಹ್ಯಾವ್‌ಲಾಕಿನಲ್ಲಿ ಅವೆಲ್ಲ ಇವೆ. ಪೂರ್ವ ಬಂಗಾಳದಿಂದ ಬಂದು ನೆಲೆಸಿದವರ ಹಳ್ಳಿಗಳು, ಅಡಿಕೆ ತೆಂಗಿನ ತೋಟಗಳು, ಸಂತೆ ಎಲ್ಲವೂ ಅಲ್ಲಿವೆ. ಡೈವ್ ಮಾಡದವರು ಜೊತೆಗಿರುವಾಗ ತಾಣದ ಆಯ್ಕೆ ನೀರಿನ ಕೆಳಗಿನ ವಿಷಯ ಮಾತ್ರ ಆಗಿರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡದ್ದರಿಂದ ನಮಗೆ ಪ್ರವಾಸದ ನಡುವೆ ಯಾವ ಇರಿಸುಮುರಿಸೂ ಆಗಲಿಲ್ಲ.

ಇನ್ನು ತಿಂಗಳು. ಅಂಡಮಾನಿನಲ್ಲಿ ಮೇ ತಿಂಗಳ ನಡುವಿನಿಂದ ಮುಂಗಾರಿನ ಅಬ್ಬರ. ಅದು ಮುಗಿದ ಮೇಲೂ ಈಶಾನ್ಯದ ಮಾರುತ ಕೆಲಕಾಲ ನೀರನ್ನು ಕಲಕುತ್ತಿರುತ್ತದೆ. ಫೆಬ್ರವರಿಯಿಂದ ಏಪ್ರಿಲ್ ತನಕ ಕಡಲು ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಏಪ್ರಿಲ್ ಕೊನೆಯಲ್ಲಿ ನೀರು ಕಾಯತೊಡಗುತ್ತದೆ, 2010 ಮತ್ತು 2016ರಲ್ಲಿ ಅಲ್ಲಿಯ ಹವಳಗಳು ಬಿಳಿಚಿದ್ದೂ ಹಾಗೆ ಕಾದ ಬೇಸಿಗೆಗಳಲ್ಲಿಯೇ. ಹೀಗಾಗಿ ಫೆಬ್ರವರಿ ಎಂದಾಯಿತು.

ಫೆಬ್ರವರಿಯ ಯಾವ ವಾರ ಎಂಬುದನ್ನು ನಿರ್ಧರಿಸಿದ್ದು ಅಮ್ಮ. ನಮ್ಮ ಊರು ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿಯ ಅಳಿವೆಯ ಹತ್ತಿರ. ಅಲ್ಲಿ ಚಿಪ್ಪಿಕಲ್ಲು ಆರಿಸಲು ಹೋಗುವ ಹೆಂಗಸರಿಗೆ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನ ದಿನಗಳು ಮುಖ್ಯ, ಏಕೆಂದರೆ ಆಗ ಭರತ ಬಹಳ ಮೇಲೇರುತ್ತದೆ, ಇಳಿತದಲ್ಲಿ ನೀರು ಬಹಳ ದೂರ ಹಿಂದೆ ಸರಿಯುತ್ತದೆ. ಅಷ್ಟಮಿಯ ಸುಮಾರಿಗೆ ನೀರು ಏರುವುದೂ ಕಡಿಮೆ, ಇಳಿಯುವುದೂ ಕಡಿಮೆ. ಆ ದಿನಗಳಲ್ಲಿ ಅವರು ಹೊಳೆಗೆ ಹೋಗುವುದಿಲ್ಲ. ಕಾರಣ ಸರಳವಾಗಿದೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರ ಎಳೆತ ಒಂದೇ ಗೆರೆಯಲ್ಲಿ ಕೂಡಿಕೊಳ್ಳುತ್ತದೆ, ಅಷ್ಟಮಿಯಂದು ಅವೆರಡೂ ಲಂಬಕೋನದಲ್ಲಿದ್ದು ಒಂದು ಇನ್ನೊಂದನ್ನು ತಗ್ಗಿಸುತ್ತದೆ. ಚಿಪ್ಪಿಕಲ್ಲಿನವರಿಗೆ ಬೇಡವಾದ ದಿನಗಳೇ ಹೊಸಬರ ಡೈವಿಂಗಿಗೆ ಬೇಕಾದ ದಿನಗಳು. ಭರತ ಇಳಿತಗಳ ಅಂತರ ಕಡಿಮೆಯಾದಷ್ಟೂ ದ್ವೀಪಗಳ ನಡುವಿನ ಸೆಳೆತ ಕಡಿಮೆ, ತಳದ ಮರಳು ಏಳುವುದೂ ಕಡಿಮೆ. ಈ ಮೃದು ಸೆಳೆತ ಅಷ್ಟಮಿಯ ದಿನಕ್ಕಿಂತ ಒಂದೆರಡು ದಿನ ತಡವಾಗಿ ಬರುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅಮ್ಮ ಗೋಡೆಯ ಪಂಚಾಂಗವನ್ನು ನೋಡಿ, "ಜನವರಿ 29ಕ್ಕೆ ಅಮಾಸೆ, ಫೆಬ್ರವರಿ 4ಕ್ಕೆ ರಥಸಪ್ತಮಿ. ಅದರ ಮುಂದಿನ ಮೂರು ದಿನ ನಿಮಗೆ ಸರಿಯಾಯ್ತದೆ" ಎಂದರು. ಫೆಬ್ರವರಿ 3ಕ್ಕೆ ಹೊರಟು 9ಕ್ಕೆ ಮರಳುವ ಟಿಕೆಟ್‌ಗಳನ್ನು ಅದೇ ರಾತ್ರಿ ತೆಗೆದೆವು. ತಮ್ಮನಿಗೆ ಹುಣ್ಣಿಮೆಯ ವಾರದಲ್ಲಿ ಹೋಗುವ ಆಸೆಯಿತ್ತು, ಸೆಳೆತ ಜೋರಿದ್ದಾಗ ದೊಡ್ಡ ಮೀನುಗಳು ಹೆಚ್ಚು ಕಾಣುತ್ತವೆ ಎಂಬುದು ಅವನ ವಾದ. ಅದು ತಪ್ಪು ವಾದವಲ್ಲ. ಆದರೆ ಜೋಡಿಯಾಗಿ ಇಳಿಯುವವರಲ್ಲಿ ಅನುಭವ ಕಡಿಮೆ ಇರುವವರಿಗೆ ತಕ್ಕಂತೆ ದಿನ ಗೊತ್ತು ಮಾಡಬೇಕು ಎಂಬುದನ್ನು ನಾನು ಬಿಟ್ಟುಕೊಡಲಿಲ್ಲ.

ನಂತರ ಡೈವ್ ಕೇಂದ್ರಗಳಿಗೆ ಬರೆದೆವು. ಒಂದು ಕೇಂದ್ರದಿಂದ ಅರ್ಧ ಗಂಟೆಯಲ್ಲೇ ಉತ್ತರ ಬಂತು. ಮಾಂಟಾ ತೊರಕೆ ಖಂಡಿತ ತೋರಿಸುತ್ತೇವೆ, ಮೂರು ದಿನಕ್ಕೆ ಆರು ತಾಣ, ಹಣ ಇಂದೇ ಕಳುಹಿಸಿದರೆ ರಿಯಾಯಿತಿ. ನಾನು ಎಷ್ಟು ಡೈವ್ ಮಾಡಿದ್ದೇನೆ, ಕೊನೆಯ ಡೈವ್ ಯಾವಾಗ ಆಯಿತು ಎಂದು ಅವರು ಕೇಳಲೇ ಇಲ್ಲ. ಕಾಡಿನಲ್ಲಿ ಹುಲಿ ಖಂಡಿತ ಎನ್ನುವವರನ್ನು ನಂಬದ ನಾವು ಕಡಲಿನಲ್ಲಿ ಮಾಂಟಾ ಖಂಡಿತ ಎನ್ನುವವರನ್ನು ಏಕೆ ನಂಬಬೇಕು? ಇನ್ನೊಂದು ಕೇಂದ್ರದವರು ಎರಡು ದಿನ ಬಿಟ್ಟು ಉತ್ತರಿಸಿದರು, ಆ ಉತ್ತರದ ತುಂಬ ಪ್ರಶ್ನೆಗಳಿದ್ದವು. ಮಾಡಿದ ಡೈವ್‌ಗಳನ್ನು ಬರೆದಿಡುವ ಲಾಗ್‌ಬುಕ್ಕಿನ ಪ್ರತಿ ಕಳುಹಿಸಿ, ಆರೋಗ್ಯದ ಪ್ರಶ್ನಾವಳಿ ತುಂಬಿ, ಅಸ್ತಮಾ ಅಥವಾ ಕಿವಿಯ ತೊಂದರೆ ಇದ್ದರೆ ವೈದ್ಯರ ಪತ್ರ ತನ್ನಿ, ಒಂದು ವರ್ಷದಿಂದ ನೀರಿಗಿಳಿದಿಲ್ಲವಾದರೆ ಮೊದಲ ದಿನ ರಿಫ್ರೆಶರ್, ಅಂದರೆ ಕಲಿತದ್ದರ ಮರು ಅಭ್ಯಾಸ, ಮಾಡದೆ ದೋಣಿ ಹತ್ತಿಸುವುದಿಲ್ಲ. ನಾವು ಅವರನ್ನೇ ಆರಿಸಿಕೊಂಡೆವು.

ಅವರಿಗೆ ನಾನೂ ಕೆಲವು ಪ್ರಶ್ನೆ ಕೇಳಿದೆನು. ದೋಣಿಯಲ್ಲಿ ತುರ್ತು ಆಮ್ಲಜನಕ ಇದೆಯೇ? ನೀರಿನಲ್ಲಿ ದಾರಿ ತೋರುವ ಒಬ್ಬ ಡೈವ್ ಮಾಸ್ಟರ್ ಜೊತೆ ಎಷ್ಟು ಜನ ಇಳಿಯುತ್ತಾರೆ? ಗೊತ್ತು ಮಾಡಿದ ತಾಣ ಆ ದಿನ ಸರಿಯಿಲ್ಲದಿದ್ದರೆ ಬದಲಿ ತಾಣ ಯಾವುದು, ಆ ಬದಲಾವಣೆಯನ್ನು ಯಾರು ನಿರ್ಧರಿಸುತ್ತಾರೆ? ದೋಣಿಯನ್ನು ಅಲ್ಲಿ ಮೊದಲೇ ನೆಲೆನಿಲ್ಲಿಸಿದ ತೇಲುಗುಂಡಿಗೆ (ಬಾಯ್) ಕಟ್ಟುತ್ತೀರೋ, ಲಂಗರು ಬಿಡುತ್ತೀರೋ? ಈ ಕೊನೆಯ ಪ್ರಶ್ನೆ ನನಗೆ ಬಹಳ ಮುಖ್ಯವಾಗಿತ್ತು. ಕೊಂಬೆಯಂತಹ ಹವಳಗಳೇ ವರ್ಷಕ್ಕೆ ಕೆಲವು ಸೆಂಟಿಮೀಟರ್ ಬೆಳೆಯುವುದು ಹೆಚ್ಚು, ಗುಂಡಾದ ದೊಡ್ಡ ಹವಳಗಳು ಬೆಳೆಯುವುದು ಅದಕ್ಕಿಂತಲೂ ಎಷ್ಟೋ ನಿಧಾನ. ಒಂದು ಲಂಗರು ಒಂದು ಕ್ಷಣದಲ್ಲಿ ಮುರಿಯುವುದು ಒಬ್ಬ ಮನುಷ್ಯನ ಆಯುಷ್ಯಕ್ಕೆ ಸಮನಾದ ಬೆಳವಣಿಗೆಯನ್ನು.

ಇಷ್ಟಾದ ಮೇಲೆ ತಮ್ಮನ ಹಾಳೆಯನ್ನು ಮತ್ತೆ ಮುಂದಿಟ್ಟುಕೊಂಡು ಕುಳಿತೆವು. ಅವನು ಅದಕ್ಕೆ ಐದನೆಯದಾಗಿ ಬ್ಯಾರನ್ ದ್ವೀಪವನ್ನು ಸೇರಿಸಿದ್ದನು. ಭಾರತದಲ್ಲಿ ಈಗಲೂ ಜೀವಂತವಿರುವ ಏಕೈಕ ಜ್ವಾಲಾಮುಖಿ ಅದು, ಪೋರ್ಟ್ ಬ್ಲೇರಿನಿಂದ ಸುಮಾರು 135 ಕಿಲೋಮೀಟರ್ ದೂರ. ಅದಕ್ಕೆ ಬೇರೆಯೇ ದೋಣಿ, ಬೇರೆಯೇ ಅನುಭವ, ಬೇರೆಯೇ ಹಣ ಬೇಕು. ಅದನ್ನು ಅವನೇ ಹೊಡೆದುಹಾಕಿದನು.

ಉಳಿದವುಗಳ ಬಗ್ಗೆ ನಾನು ಒಂದು ಲೆಕ್ಕ ಹಾಕಿ ತೋರಿಸಿದೆನು. ನೀರಿನಲ್ಲಿ ಪ್ರತಿ 10 ಮೀಟರಿಗೆ ಒತ್ತಡ ಒಂದು ವಾಯುಭಾರದಷ್ಟು ಹೆಚ್ಚುತ್ತದೆ, ಆ ಒತ್ತಡಕ್ಕೆ ಸಮನಾಗಿ ಪ್ರತಿ ಉಸಿರಿಗೂ ಅಷ್ಟು ಪಟ್ಟು ಗಾಳಿ ಖರ್ಚಾಗುತ್ತದೆ. ಸಾಮಾನ್ಯವಾಗಿ ಕೊಡುವ ಅಲ್ಯೂಮಿನಿಯಂ ಸಿಲಿಂಡರಿನ ಒಳಗಾತ್ರ 11 ಲೀಟರಿಗಿಂತ ತುಸು ಹೆಚ್ಚು. ಅದರಲ್ಲಿ 200 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಒಂದು ವಾಯುಭಾರ) ಗಾಳಿ ತುಂಬಿ, 50 ಬಾರ್ ಉಳಿಸಿಕೊಂಡು ಮೇಲೆ ಬರಬೇಕೆಂದರೆ ನಮ್ಮ ಕೈಯಲ್ಲಿರುವುದು ಸುಮಾರು 1,650 ಲೀಟರ್. ಹೊಸಬಳಾದ ನಾನು ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುತ್ತೇನೆಂದು ಇಟ್ಟುಕೊಂಡರೆ 10 ಮೀಟರಿನಲ್ಲಿ ಆ ಗಾಳಿ 41 ನಿಮಿಷ ಬರುತ್ತದೆ, 18 ಮೀಟರಿನಲ್ಲಿ 29 ನಿಮಿಷ, 30 ಮೀಟರಿನಲ್ಲಿ ಬರೀ 20 ನಿಮಿಷ. ಇಳಿಯುವ, ಏರುವ, ಕೊನೆಗೆ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವ ಹೊತ್ತೂ ಅದರಲ್ಲೇ ಸೇರಬೇಕು. ಜೊತೆಗೆ ಬಣ್ಣದ ವಿಷಯ. ನೀರು ಮೊದಲು ನುಂಗುವುದು ಕೆಂಪನ್ನು. ಕೆಲವೇ ಮೀಟರುಗಳ ಕೆಳಗೆ ಕುಂಕುಮದ ಬಣ್ಣದ ಹವಳ ಬೂದಿಯಾಗಿ ಕಾಣುತ್ತದೆ, ಟಾರ್ಚ್ ಹಿಡಿದಾಗಲೇ ಅದರ ನಿಜ ಬಣ್ಣ ಹೊರಬರುವುದು. ಆಳಕ್ಕೆ ಹೋದಷ್ಟೂ ಹೊತ್ತೂ ಕಡಿಮೆ, ಬೆಳಕೂ ಕಡಿಮೆ.

ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕಾ, ನಿನ್ನ ಲೆಕ್ಕ ಸರಿ. ಆದರೆ ಡಿಕ್ಸನ್ಸ್ ನೋಡದೆ ಬಂದರೆ ನನಗೆ ಬೇಜಾರಾಯ್ತದೆ" ಎಂದನು. ಅವನ ಆಸೆಯೂ ನ್ಯಾಯವಾದುದೇ. ಮೂರು ಶಿಖರಗಳಂತೆ ಎದ್ದ ಬಂಡೆಗಳು, ಅವುಗಳ ಮೈತುಂಬ ನೇರಳೆ ಕಿತ್ತಳೆ ಬಣ್ಣದ ಮೃದು ಹವಳ, ಸುತ್ತ ಬರ್ರಾಕುಡಾ ಮೀನಿನ ಹಿಂಡು. ಅಂಡಮಾನಿನ ಡೈವಿಂಗ್ ಎಂದರೆ ಹಲವರ ಕಣ್ಣಮುಂದೆ ಬರುವುದೇ ಈ ಚಿತ್ರ. ಒಂದು ದಿನ ಅವನು ಬೇರೆ ಅನುಭವಿಗಳ ಜೊತೆ ಅಲ್ಲಿಗೆ ಹೋಗುವುದು, ಉಳಿದ ದಿನಗಳಲ್ಲಿ ನನ್ನ ಜೋಡಿಯಾಗಿರುವುದು ಎಂದು ಒಪ್ಪಂದವಾಯಿತು. ನನ್ನ ಪಾಲಿಗೆ ನೀಮೋ ರೀಫ್, ಲೈಟ್‌ಹೌಸ್, ಕೊನೆಯ ದಿನಕ್ಕೆ ದಿ ವಾಲ್ ಉಳಿದವು.

ದಿ ವಾಲ್ ಬಗ್ಗೆ ಬಹಳ ಯೋಚಿಸಿದೆವು. ಅದು ಜೆಟ್ಟಿಗೆ ಹತ್ತಿರ, ಗೋಡೆಯ ಮೇಲಂಚು ಹತ್ತು ಹನ್ನೆರಡು ಮೀಟರಿನಲ್ಲಿಯೇ ಸಿಗುವುದರಿಂದ ನನ್ನ ಮಿತಿಯೊಳಗೆ ನೋಡಲು ಸಾಕಷ್ಟಿದೆ. ಆದರೆ ಗೋಡೆ ಅಲ್ಲಿಂದ 50 ಮೀಟರಿನ ತನಕವೂ ಇಳಿಯುತ್ತದೆ. ಕಾಲಕೆಳಗೆ ನೆಲವಿಲ್ಲದ ತಾಣದಲ್ಲಿ ತೇಲುವಿಕೆಯ ಹಿಡಿತ ತಪ್ಪಿದರೆ 18 ಮೀಟರ್ ಯಾವಾಗ ದಾಟಿತೆಂದು ತಿಳಿಯುವುದಿಲ್ಲ. ಮೊದಲ ಎರಡು ದಿನ ನನ್ನ ಹಿಡಿತ ಹೇಗಿದೆ ಎಂಬುದನ್ನು ನೋಡಿಕೊಂಡು ಅದನ್ನು ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನಿಸುವುದೆಂದು ಬರೆದಿಟ್ಟುಕೊಂಡೆವು.

ಫೆಬ್ರವರಿ 3ರಂದು, ಈಗ ಶ್ರೀ ವಿಜಯಪುರಂ ಎಂಬ ಹೆಸರು ಪಡೆದಿರುವ ಪೋರ್ಟ್ ಬ್ಲೇರಿಗೆ ಇಳಿದು, ಮಧ್ಯಾಹ್ನದ ಹಡಗಿನಲ್ಲಿ ಹ್ಯಾವ್‌ಲಾಕ್ ಸೇರಿದೆವು. ಅಲ್ಲಿ ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಬೇರೆ. ಕುಮಟೆಗಿಂತ ಹದಿನೆಂಟು ಡಿಗ್ರಿಗೂ ಹೆಚ್ಚು ಪೂರ್ವಕ್ಕಿರುವುದರಿಂದ ಬೆಳಕು ಹರಿಯುವುದು ಸುಮಾರು ಒಂದೂಕಾಲು ಗಂಟೆ ಮೊದಲು, ಸಂಜೆಯಾಗುವುದೂ ಅಷ್ಟೇ ಮೊದಲು. ಡೈವ್ ದೋಣಿಗಳು ಬೆಳಿಗ್ಗೆ ಬೇಗ ಹೊರಡುತ್ತವೆ. ಮರುದಿನ ಬೆಳಗಿನ ಜಾವದಲ್ಲೇ ಅಮ್ಮ ಊರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಎಕ್ಕದ ಎಲೆಗಳನ್ನು ನಮ್ಮ ತಲೆಯ ಮೇಲೂ ಹೆಗಲ ಮೇಲೂ ಇಟ್ಟು ರಥಸಪ್ತಮಿಯ ಸ್ನಾನ ಮಾಡಿಸಿದರು. ಆ ಸ್ನಾನ ಮುಗಿಸಿ ನೇರವಾಗಿ ಕಡಲಿಗೆ ನಡೆದೆವು.

ರಿಫ್ರೆಶರ್ ನಡೆದದ್ದು ನೀಮೋ ರೀಫಿನಲ್ಲಿ. ದೋಣಿ ಬೇಕಿಲ್ಲ, ದಡದಿಂದಲೇ ನಡೆದು ಇಳಿಯಬಹುದು. ಅಮ್ಮ ಮರದ ನೆರಳಿನಲ್ಲಿ ಕುಳಿತು ನಮ್ಮ ಗುಳ್ಳೆಗಳನ್ನು ನೋಡುತ್ತಿದ್ದರು. ಮಾಸ್ಕಿನಲ್ಲಿ ನೀರು ತುಂಬಿಸಿ ಹೊರಹಾಕುವುದು, ಉಸಿರಾಟಕ್ಕೆ ಗಾಳಿ ಕೊಡುವ ರೆಗ್ಯುಲೇಟರ್ ತೆಗೆದು ಮತ್ತೆ ಬಾಯಿಗಿಡುವುದು, ಉಸಿರಿನಿಂದಲೇ ಒಂದು ಅಡಿ ಏರಿ ಇಳಿಯುವುದು, ಇವನ್ನೆಲ್ಲ ಮರಳಿನ ಮೇಲೆ ಮೂರು ಮೀಟರ್ ಆಳದಲ್ಲಿ ಮಾಡಿಸಿದರು. ಒಂದು ವರ್ಷದಲ್ಲಿ ನಾನು ಎಷ್ಟು ಮರೆತಿದ್ದೆನೆಂದು ಅಲ್ಲಿ ಗೊತ್ತಾಯಿತು. ಸೊಂಟಕ್ಕೆ ಕಟ್ಟಿದ ಸೀಸದ ತೂಕ ಹೆಚ್ಚಾಗಿ ಎರಡು ಸಲ ಮರಳಿಗೆ ಕುಸಿದೆನು, ಒಂದು ತುಂಡು ತೆಗೆದ ಮೇಲೆ ದೇಹ ಹಗುರವಾಯಿತು. ಇದೇ ಕುಸಿತ ಹವಳದ ಮೇಲೆ ಆಗಿದ್ದರೆ ಎಂದು ಯೋಚಿಸಿದಾಗ ಈಗಲೂ ಎದೆ ಧಸಕ್ಕೆನ್ನುತ್ತದೆ. ಎಷ್ಟೋ ಜನ ಈ ತಾಣವನ್ನು ಕಲಿಯುವವರ ಜಾಗವೆಂದು ಬಿಟ್ಟುಬಿಡುತ್ತಾರೆ. ನಾನು ಅಲ್ಲಿ ಕಡಲಹೂವಿನ ಕುಚ್ಚುಗಳ ನಡುವೆ ಸಂಸಾರ ಮಾಡಿಕೊಂಡಿದ್ದ ಕ್ಲೌನ್ ಮೀನುಗಳನ್ನು ಹತ್ತು ನಿಮಿಷ ಅಲುಗಾಡದೆ ನೋಡಿದೆನು, ಪ್ಯಾರಟ್ ಮೀನುಗಳು ಕೊಕ್ಕಿನಂತಹ ಹಲ್ಲಿನಿಂದ ಬಂಡೆ ಕೆರೆಯುವ ಕಟಕಟ ಸದ್ದನ್ನು ಕೇಳಿದೆನು.

5ರಂದು ಲೈಟ್‌ಹೌಸ್. ದೋಣಿಯಲ್ಲಿ ಸ್ವಲ್ಪವೇ ದೂರ, ದಿಬ್ಬದ ಮೈ ಎಂಟು ಹತ್ತು ಮೀಟರಿನಿಂದ 18ರ ತನಕ ಇಳಿಜಾರಾಗಿ ಹರಡಿದೆ. ದೋಣಿ ನಡೆಸುತ್ತಿದ್ದವರು ಮಾಯಾಬಂದರಿನ ಕಡೆಯ ಕರೆನ್ ಸಮುದಾಯದವರು. 1925ರಲ್ಲಿ ಬರ್ಮಾದಿಂದ ತಮ್ಮ ಹಿರಿಯರು ಬಂದರೆಂದು ಅವರು ಅಮ್ಮನಿಗೆ ಹಿಂದಿಯಲ್ಲಿ ಹೇಳಿದರು. ನೀರಿಗೆ ಒಂದು ಹಗ್ಗ ಇಳಿಬಿಟ್ಟು ಅದು ಎಷ್ಟು ಓರೆಯಾಗಿ ನಿಲ್ಲುತ್ತದೆ ಎಂಬುದರ ಮೇಲೆ ಅವರು ಸೆಳೆತವನ್ನು ಅಳೆದರು. ಹಗ್ಗ ಹೆಚ್ಚುಕಡಿಮೆ ನೇರವಾಗಿಯೇ ಇತ್ತು. ಅಮ್ಮ ನನ್ನ ಕಡೆ ನೋಡಿದರು, ಏನೂ ಹೇಳಲಿಲ್ಲ.

ಆ ಡೈವಿನಲ್ಲಿ 14 ಮೀಟರಿನ ಬಳಿ ಒಂದು ಬಿರುಕಿನಲ್ಲಿ ಆಕ್ಟೋಪಸ್ ಕಂಡಿತು. ಮೊದಲು ಬಂಡೆಯ ಬಣ್ಣದಲ್ಲಿದ್ದ ಅದು ನಮ್ಮ ನೆರಳು ಬಿದ್ದೊಡನೆ ಬಿಳಿಚಿ, ಮತ್ತೆ ಕಂದಾಗಿ, ಕಣ್ಣೊಂದನ್ನು ಮಾತ್ರ ಹೊರಗಿಟ್ಟುಕೊಂಡು ಒಳಗೆ ಸರಿಯಿತು. ಸಿಂಹ ಮೀನುಗಳು ರೆಕ್ಕೆಗಳನ್ನು ಹರಡಿಕೊಂಡು ತಲೆಕೆಳಗಾಗಿ ನಿಂತಿದ್ದವು. ಅಲ್ಲಲ್ಲಿ ಮುರಿದ, ಪಾಚಿ ಹಿಡಿದ ಹವಳದ ತುಂಡುಗಳೂ ಇದ್ದವು. ದೋಣಿಗೆ ಮರಳಿದ ಮೇಲೆ ಡೈವ್ ಮಾಸ್ಟರ್ 2004ರ ಸುನಾಮಿಯ ವಿಷಯ ತೆಗೆದರು. ಆ ಭೂಕಂಪದಲ್ಲಿ ಉತ್ತರ ಅಂಡಮಾನಿನ ನೆಲವೇ ಮೇಲೆದ್ದು ಅಲ್ಲಿಯ ಹವಳದ ದಂಡೆಗಳು ನೀರಿನಿಂದ ಹೊರಗೆ ನಿಂತು ಒಣಗಿ ಸತ್ತವು, ದಕ್ಷಿಣದ ನಿಕೋಬಾರಿನಲ್ಲಿ ನೆಲ ಕುಸಿದು ದಂಡೆಗಳು ಆಳಕ್ಕೆ ಹೋದವು. ಬದುಕುಳಿದ ಹವಳದ ಮೇಲೆ ನಂತರ ಕಾದ ಬೇಸಿಗೆಗಳು ಬಂದವು. ಇಷ್ಟನ್ನು ದಾಟಿ ಬಂದ ದಿಬ್ಬದ ಮೇಲೆ ನಾವು ಕಾಲಿನ ಫಿನ್ ತಾಗಿಸದಿರುವುದು ಅತಿ ಸಣ್ಣ ಕೆಲಸ, ಅದನ್ನಾದರೂ ಮಾಡಬೇಕು. ಹವಳ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ, ದಡಕ್ಕೆ ಬಿದ್ದ ಸತ್ತ ತುಂಡನ್ನು ಚೀಲಕ್ಕೆ ಹಾಕಿಕೊಂಡರೂ ತಪ್ಪೇ.

6ರಂದು ತಮ್ಮ ಡಿಕ್ಸನ್ಸಿಗೆ ಹೋದನು. ಆ ದಿನ ನಾನು ಯಾವ ಹೊಸ ತಾಣಕ್ಕೆ ಬೇಕಾದರೂ ಹೋಗಬಹುದಿತ್ತು, ಕೇಂದ್ರದವರು ಎರಡು ಹೆಸರು ಹೇಳಿದರು. ನಾನು ಮತ್ತೆ ಲೈಟ್‌ಹೌಸನ್ನೇ ಕೇಳಿದೆನು. ಅವರಿಗೆ ಆಶ್ಚರ್ಯವಾಯಿತು, ನನಗೆ ಮಾತ್ರ ಅದು ಪ್ರವಾಸದಲ್ಲೇ ಅತ್ಯಂತ ಒಳ್ಳೆಯ ಆಯ್ಕೆ ಎನಿಸಿದೆ. ಮೊದಲ ಸಲ ಇಳಿದಾಗ ಗಮನದ ಅರ್ಧ ಭಾಗ ದಿಕ್ಕಿಗೆ, ಗಾಳಿಯ ಮುಳ್ಳಿಗೆ, ಜೊತೆಯವರಿಗೆ ಹೋಗುತ್ತದೆ. ಎರಡನೆಯ ಸಲ ದಾರಿ ಪರಿಚಿತವಾಗಿತ್ತು, ಉಸಿರು ನಿಧಾನವಾಗಿತ್ತು, ಅದೇ ಸಿಲಿಂಡರಿನಲ್ಲಿ ಹಿಂದಿನ ದಿನಕ್ಕಿಂತ ಏಳು ನಿಮಿಷ ಹೆಚ್ಚು ಇದ್ದೆನು. ಆಕ್ಟೋಪಸ್ ಅದೇ ಬಿರುಕಿನಲ್ಲಿತ್ತು. ಬಾಗಿಲ ಮುಂದೆ ಅದು ತಿಂದು ಬಿಸಾಡಿದ ಏಡಿಯ ಚಿಪ್ಪುಗಳ ರಾಶಿಯನ್ನು ಹಿಂದಿನ ದಿನ ನಾನು ನೋಡಿಯೇ ಇರಲಿಲ್ಲ.

ತಮ್ಮ ಸಂಜೆ ಬಹಳ ಸಂತೋಷದಿಂದ ಬಂದನು. ಬರ್ರಾಕುಡಾ ಹಿಂಡು, ಒಂದು ಕಡಲಾಮೆ, ಶಿಖರದಿಂದ ಶಿಖರಕ್ಕೆ ಈಜುವಾಗ ಬದಿಯಿಂದ ತಳ್ಳಿದ ಸೆಳೆತ, ಎಲ್ಲವನ್ನೂ ಊಟದ ಹೊತ್ತಿಗೆ ವಿವರವಾಗಿ ಹೇಳಿದನು. "ಈ ಸೆಳೆತವೇ ಇಷ್ಟಿತ್ತು ಅಂದ್ರೆ ಹುಣ್ಣಿಮೆಗೆ ಹೇಗಿರ್ತದೋ" ಎಂದೂ ಸೇರಿಸಿದನು.

7ರಂದು ದಿ ವಾಲ್. ನನ್ನ ತೇಲುವಿಕೆಯ ಹಿಡಿತವನ್ನು ಎರಡು ದಿನ ನೋಡಿದ್ದ ಡೈವ್ ಮಾಸ್ಟರ್ ಒಪ್ಪಿಗೆ ಕೊಟ್ಟಿದ್ದರು. 18 ಮೀಟರ್ ದಾಟುವುದಿಲ್ಲ, ಗೋಡೆ ಸದಾ ಬಲಗೈಗೆ, ಸಿಲಿಂಡರಿನಲ್ಲಿ 100 ಬಾರ್ ಉಳಿದಾಗ ಹಿಂದಿರುಗುವುದು ಎಂದು ಗೊತ್ತುಮಾಡಿಕೊಂಡು ಇಳಿದೆವು. ನಾಲ್ಕು ಮೀಟರಿನಲ್ಲಿ ಬಲಗಿವಿ ನೀರಿನ ಒತ್ತಡಕ್ಕೆ ಹೊಂದಿಕೊಳ್ಳಲಿಲ್ಲ. ಮೂಗು ಹಿಡಿದು ಊದಿದೆನು, ಒಂದು ಮೀಟರ್ ಮೇಲೇರಿ ಮತ್ತೆ ಪ್ರಯತ್ನಿಸಿದೆನು, ಕತ್ತು ಓರೆ ಮಾಡಿ ಮತ್ತೊಮ್ಮೆ. ಸೂಜಿ ಚುಚ್ಚಿದಂತಹ ನೋವು ಹಾಗೆಯೇ ಇತ್ತು. ಹಿಂದಿನ ರಾತ್ರಿ ಫ್ಯಾನಿನ ಕೆಳಗೆ ಮಲಗಿ ಬೆಳಿಗ್ಗೆ ಮೂಗು ಸ್ವಲ್ಪ ಕಟ್ಟಿದ್ದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಒತ್ತಡದ ಅನುಪಾತ ಅತಿ ವೇಗವಾಗಿ ಬದಲಾಗುವುದು ಮೊದಲ ಹತ್ತು ಮೀಟರಿನಲ್ಲೇ, ಅಲ್ಲಿ ತೆರೆಯದ ಕಿವಿಯನ್ನು ಒತ್ತಾಯಿಸಿದರೆ ತಮಟೆ ಹರಿಯಬಹುದು. ಕೆಳಗೆ ನೀಲಿಯಲ್ಲಿ ಗೋಡೆಯ ಅಂಚು ಮಸುಕಾಗಿ ಕಾಣುತ್ತಿತ್ತು. ನಾನು ಅಂಗೈಯನ್ನು ಅತ್ತಿತ್ತ ಅಲುಗಿಸಿ, ಕಿವಿ ತೋರಿಸಿ, ಮೇಲೆ ಹೋಗಬೇಕೆಂದು ಹೆಬ್ಬೆರಳು ಮೇಲೆತ್ತಿದೆನು. ತಮ್ಮ ಒಂದು ಕ್ಷಣವೂ ತಡಮಾಡದೆ ಅದೇ ಸನ್ನೆ ಮಾಡಿ ನನ್ನ ಜೊತೆಗೇ ಮೇಲೆ ಬಂದನು.

ದೋಣಿಯಲ್ಲಿ ನಾನು ಅಳುವ ಹಾಗಾಗಿದ್ದೆನು. ಅವನ ಡೈವ್ ಕೂಡ ನನ್ನಿಂದ ಹೋಯಿತಲ್ಲ ಎಂದೆನು. "ಗೋಡೆ ಎಲ್ಲಿಗೂ ಹೋಗೂದಿಲ್ಲ ಅಕ್ಕಾ, ನಿನ್ನ ಕಿವಿ ಹೋದ್ರೆ ಬರೂದಿಲ್ಲ" ಎಂದು ಅವನು ನನ್ನ ಸಿಲಿಂಡರಿನ ಪಟ್ಟಿ ಬಿಚ್ಚಿದನು. ಎರಡು ತಿಂಗಳ ಹಿಂದೆ ಡಿಕ್ಸನ್ಸಿಗಾಗಿ ನನ್ನೊಡನೆ ವಾದ ಮಾಡಿದವನ ಬಾಯಲ್ಲಿ ಆ ಮಾತು ಕೇಳಿ ನನ್ನ ಮನಸ್ಸು ತುಂಬಿಬಂತು. ಊರಿಗೆ ಬಂದ ಮೇಲೆ ಕಿವಿ ಮೂಗು ಗಂಟಲು ವೈದ್ಯರಿಗೆ ತೋರಿಸಿದೆನು, ತಮಟೆಗೆ ಏನೂ ಆಗಿರಲಿಲ್ಲ.

8ನೆಯ ತಾರೀಕನ್ನು ಮೊದಲೇ ಖಾಲಿ ಇಟ್ಟಿದ್ದೆವು. ಹಲವು ದಿನ ಸತತವಾಗಿ ಡೈವ್ ಮಾಡಿದವರು ಕೊನೆಯ ಡೈವಿನ ನಂತರ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು, ದೇಹದಲ್ಲಿ ಕರಗಿದ ಸಾರಜನಕ ಹೊರಹೋಗಲು ಆ ಹೊತ್ತು ಬೇಕು. ಹಡಗು ತಡವಾದರೂ ಸಾಕಾಗುವಂತೆ ನಾವು ಅದಕ್ಕಿಂತ ಹೆಚ್ಚೇ ಬಿಟ್ಟಿದ್ದೆವು. ಆ ದಿನವನ್ನು ಅಮ್ಮನಿಗೆ ಕೊಟ್ಟೆವು. ರಾಧಾನಗರದ ಮರಳಿನಲ್ಲಿ ಅವರು ಇಳಿತದ ಗೆರೆಯನ್ನು ನೋಡುತ್ತಾ ನಡೆದರು, ನಮ್ಮ ಹೊಳೆಯಲ್ಲಿ ಈ ಹೊತ್ತಿಗೆ ನೀರು ಎಲ್ಲಿರಬಹುದೆಂದು ಲೆಕ್ಕ ಹಾಕಿದರು.

ಲಾಗ್‌ಬುಕ್ಕಿನಲ್ಲಿ ದಿ ವಾಲ್ ಎಂದು ಬರೆದು, ಆಳ 4 ಮೀಟರ್, ಹೊತ್ತು 6 ನಿಮಿಷ ಎಂದು ತುಂಬಿ, ಕೆಳಗಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಯುಗಾದಿಗೆ ಹೊಸ ಪಂಚಾಂಗ ಬಂದಾಗ ಅಮ್ಮ ಅದರ ಕೊನೆಯ ಹಾಳೆಗಳನ್ನು ಮೊದಲು ತೆರೆದರು. ಮುಂದಿನ ರಥಸಪ್ತಮಿ ಜನವರಿಯಲ್ಲೇ ಬರುವುದರಿಂದ ಗಾಳಿ ಪೂರ್ತಿ ಇಳಿದಿರುವುದಿಲ್ಲವೆಂದು ಅದನ್ನು ಬಿಟ್ಟು, ಫೆಬ್ರವರಿಯ ಕೊನೆಯ ವಾರದಲ್ಲಿ ಬೀಳುವ ಫಾಲ್ಗುಣ ಶುದ್ಧ ಅಷ್ಟಮಿಯ ಸುತ್ತ ಪೆನ್ಸಿಲಿನಿಂದ ಒಂದು ಗೆರೆ ಎಳೆದಿದ್ದಾರೆ.